ಜೀರ್ಣರಥಪರೀಕ್ಷೆ: ದೂರದರ್ಶನದಲ್ಲಿ ಹಳೆಯ ಮೋಟಾರುಗಳಿಗೆ ಬೆಲೆಗಟ್ಟುವ ಕ್ರಮವನ್ನು ಕುರಿತ ವಿಮರ್ಶೆ

ಪರೀಕ್ಷೆಯೆಂಬುದು ನಮ್ಮ ಪೂರ್ವಿಕರಲ್ಲಿ ಒಂದು ಶಾಸ್ತ್ರವಾಗಿದ್ದಿತು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರ, ಮೌಕ್ತಿಕ, ಪದ್ಮರಾಗ, ಮರಕತಗಳ ಲಕ್ಷಣಗಳನ್ನು ನಿರೂಪಿಸುವನು. ತೂಕವನ್ನನುಸರಿಸಿ ವಜ್ರಕ್ಕೂ ಮುತ್ತಿಗೂ ಬೆಲೆಯನ್ನು ಹೇಳುವನು. ದೋಷವಿದ್ದಲ್ಲಿ ಬೆಲೆ ಕುಗ್ಗುವುದೆಂಬುದನ್ನೂ ಹೇಳದೆ ಬಿಡುವುದಿಲ್ಲ. ಕುದುರೆಗಳ ವಿಷಯದಲ್ಲಿ ಶಾಲಿಹೋತ್ರನ ಹೆಸರೂ, ಆನೆಗಳ ವಿಷಯದಲ್ಲಿ ಪಾಲಕಾಪ್ಯನ ಹೆಸರೂ ಪ್ರಮಾಣವೆನಿಸಿದ್ದವು. ಈ ಗ್ರಂಥಗಳಲ್ಲಿ ಬೆಲೆಯು ಎಲ್ಲಿಯೂ ಒಂಟಿಯಾಗಿ ಬರುವುದಿಲ್ಲ. ತನ್ನ ಕಾರಣವನ್ನು ಜೊತೆಯಲ್ಲಿ ಕರೆದುಕೊಂಡೇ ಬರುವುದು. ಇಂತಹ ಗ್ರಂಥಗಳಲ್ಲಿ ಪಾಠವಾದವನೊಬ್ಬನು ಇಂದಿನ ದೂರದರ್ಶನದ ಮೋಟಾರು ಪರೀಕ್ಷೆಯನ್ನು ನೋಡಲು ಕುಳಿತರೆ ಏನನ್ನು ಕಾಣುವನೆಂಬುದೇ ಪ್ರಕೃತ ಲೇಖನದ ವಿಷಯ. ಮೋಟಾರನ್ನು ರಥವೆಂದುದಕ್ಕೆ ವಾಚಕರು ನಗಬಹುದು. ಆ ಹೆಸರಿನ ಔಚಿತ್ಯವು ಲೇಖನದ ಕೊನೆಯ ವೇಳೆಗೆ ತಿಳಿದುಬರುವುದು.

ಪಶ್ಚಿಮ ದೇಶಗಳಲ್ಲಿ ಹಳೆಯ ಮೋಟಾರುಗಳನ್ನು ‘ಕ್ಲಾಸಿಕ್’ ಎಂದು ಕರೆದು ಆದರದಿಂದ ಸಂಗ್ರಹಿಸುವವರು ಅನೇಕರಿರುವರು. ಅವರ ಕೊಡುಕೊಳೆಯನ್ನೇ ವಸ್ತುವಾಗಿ ಮಾಡಿಕೊಂಡ, ರಿಯಾಲಿಟಿ ಷೋ ಎಂದು ಕರೆಯಲ್ಪಡುವ ಪ್ರದರ್ಶನಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ಹೇರಳವಾಗಿ ಹುಟ್ಟಿಕೊಂಡಿವೆ. 2008ರಲ್ಲಿ ಮೊದಲಾದ ‘ಚೇಸಿಂಗ್ ಕ್ಲಾಸಿಕ್ ಕಾರ್ಸ್’, 2012ರಲ್ಲಿ ಮೊದಲಾದ ‘ಫಾಸ್ಟ್ ಎನ್ ಲೌಡ್’ ಮತ್ತು ‘ಕೌಂಟಿಂಗ್ ಕಾರ್ಸ್’ ಇವು ಅಮೆರಿಕೆಯವು. ಇವೆಲ್ಲಕ್ಕೂ ಹಿರಿಯದು 2003ರಲ್ಲಿ ಇಂಗ್ಲೆಂಡಿನಲ್ಲಿ ಪ್ರಾರಂಭವಾದ ‘ವೀಲರ್ ಡೀಲರ್ಸ್’. ನಾವು ಮುಖ್ಯವಾಗಿ ಇದನ್ನೇ ವಿಮರ್ಶೆಗೆ ಎತ್ತಿಕೊಂಡಿರುವೆವು. ಏಕೆಂದರೆ ಈ ಜಾತಿಯ ಪ್ರದರ್ಶನಗಳ ಗುಣವೂ ದೋಷವೂ ಇದರಲ್ಲಿ ಕಂಡುಬರುವಷ್ಟು ನಿಚ್ಚಳವಾಗಿ ಉಳಿದವುಗಳಲ್ಲಿ ಕಂಡುಬರುವುದಿಲ್ಲ. ಮಿಕ್ಕವುಗಳಲ್ಲಿ ಗದ್ದಲ ಹೆಚ್ಚು.

ಇದರ ಇತಿವೃತ್ತವು ಬಹು ಸರಳವಾದುದು. ಮೈಕ್ ಬ್ರೂವರ್ ಎಂಬವರು ಊರೂರು ಅಲೆದು ಒಂದು ಹಳೆಯ ಗಾಡಿಯನ್ನು ಹುಡುಕುವರು. ಅದರ ಕುಂದುಗಳನ್ನು ಎತ್ತಿ ತೋರಿಸಿ, ಚೌಕಾಸಿ ಮಾಡಿ, ಕೈ ಕುಲುಕಿ ಕೊಂಡು ತರುವರು. ಅನಂತರ ಅದು ಎಡ್ ಚೈನಾ ಎಂಬ ಕುಶಲಿಯ ಕಾರ್ಯಾಗಾರವನ್ನು ಸೇರುವುದು. ಕಿತ್ತಳೆ ಬಣ್ಣದ ಕೈಗವಸುಗಳನ್ನು ತೊಟ್ಟ ಈ ದೀರ್ಘಕಾಯರು ಯಂತ್ರವನ್ನು ಬಿಚ್ಚಿ, ಒಂದೊಂದು ಅಂಗದ ವ್ಯಾಪಾರವನ್ನೂ ಅದು ಕೆಟ್ಟುದಕ್ಕೆ ಕಾರಣವನ್ನೂ ವಿವರಿಸಿ, ತುಕ್ಕನ್ನು ಕತ್ತರಿಸಿ ತೆಗೆದು ಬೆಸುಗೆ ಹಾಕಿ, ಮತ್ತೆ ಜೋಡಿಸುವರು. ಕೊನೆಯಲ್ಲಿ ಬ್ರೂವರ್ ಅವರು ಕೊಳ್ಳುವವನೊಬ್ಬನನ್ನು ಹಿಡಿದು, ಮತ್ತೊಮ್ಮೆ ಚೌಕಾಸಿಯಾಗಿ, ಮತ್ತೊಮ್ಮೆ ಕೈ ಕುಲುಕಿ ಗಾಡಿಯನ್ನು ಮಾರುವರು. ಕೊಂಡ ಬೆಲೆ, ಬಿಡಿಭಾಗಗಳ ವೆಚ್ಚ, ಮಾರಿದ ಬೆಲೆ ಇವುಗಳ ಲೆಕ್ಕವು ಪರದೆಯ ಮೇಲೆ ಮೂಡುವುದು. ಉಳಿದುದು ಲಾಭವೆಂದು ಘೋಷಿತವಾಗುವುದು.

ಈ ಲೆಕ್ಕದಲ್ಲಿ ಒಂದು ಅಂಕಣವಿಲ್ಲ. ಬಿಚ್ಚಿದವನ, ಬೆಸುಗೆ ಹಾಕಿದವನ, ಕೂಡಿಸಿದವನ ಕೂಲಿಯು ಎಲ್ಲಿಯೂ ಬರೆಯಲ್ಪಟ್ಟಿಲ್ಲ. ದಿನಗಟ್ಟಲೆ ನಡೆದ ಕೆಲಸವು ಪ್ರದರ್ಶನದ ಹೆಚ್ಚು ಭಾಗವನ್ನು ಆಕ್ರಮಿಸಿಕೊಂಡಿದೆ. ಲೆಕ್ಕದಲ್ಲಿ ಮಾತ್ರ ಅದಕ್ಕೆ ಒಂದು ಕಾಸಿನ ಸ್ಥಾನವೂ ಇಲ್ಲ. ನೋಡುವವರು ಇದನ್ನು ಅರಿಯರೆಂದಲ್ಲ. ಆ ದೇಶದಲ್ಲಿ ಇದು ಬಹುಕಾಲದಿಂದ ಪರಿಹಾಸದ ವಿಷಯವೇ ಆಗಿರುವುದು. ಆದರೆ ಪರಿಹಾಸವು ದೋಷಪರಿಹಾರವಲ್ಲ. ಇಂತಹ ಲೆಕ್ಕವನ್ನು ನಂಬಿ, ತನ್ನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗಾಡಿಯೊಂದನ್ನು ತಂದು ನಿಲ್ಲಿಸಿ, ಲಾಭಕ್ಕಾಗಿ ಕಾದು ಕುಳಿತವನ ಪಾಡೇನು?

ಕೌಟಿಲ್ಯನು ಈ ಲೆಕ್ಕವನ್ನು ಒಪ್ಪುತ್ತಿರಲಿಲ್ಲ. ದೂರದೇಶದಿಂದ ಬಂದ ಅಥವಾ ಬಹುಕಾಲದ ಮೇಲೆ ಮಾರಾಟಕ್ಕೆ ಬಂದ ಪಣ್ಯಗಳಿಗೆ, ಹೂಡಿದ ಹಣ, ಸುಂಕ, ಬಡ್ಡಿ, ಬಾಡಿಗೆ, ಮತ್ತು ಇತರ ಸಕಲ ವೆಚ್ಚಗಳನ್ನು ಎಣಿಸಿದ ತರುವಾಯವೇ ಬೆಲೆಯನ್ನು ನಿಲ್ಲಿಸಬೇಕೆಂಬುದು ಅವನ ವಿಧಿ; ಹಾಗೆ ನಿಲ್ಲಿಸತಕ್ಕವನಿಗೆ ಅವನು ಕೊಟ್ಟ ಹೆಸರು ‘ಅರ್ಘವಿದ್’, ಬೆಲೆಯನ್ನು ಬಲ್ಲವನು, ಎಂದು. ಲಾಭಕ್ಕೂ ಅವನಲ್ಲಿ ಮಿತಿಯುಂಟು. ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10. ಈ ಅರ್ಥಶಾಸ್ತ್ರವು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದಾಗ, ಅದರ ಅರ್ಘಪ್ರಕರಣವನ್ನು ಮೋಟಾರಿಗೆ ಅನ್ವಯಿಸುವವನೊಬ್ಬನು ಮುಂದೆ ಬರುವನೆಂದು ಅವರು ಎಣಿಸಿರಲಾರರು.

ಇಲ್ಲಿ ಪೂರ್ವಪಕ್ಷವುಂಟು. ಇದು ವಿನೋದಕ್ಕಾಗಿ ಏರ್ಪಟ್ಟುದು, ವಾಣಿಜ್ಯಶಾಸ್ತ್ರದ ಪಾಠವಲ್ಲ. ಕುಶಲಿಗೆ ನಿರ್ಮಾಪಕರೇ ಸಂಬಳ ಕೊಡುತ್ತಿರುವಾಗ ಮೋಟಾರಿನ ಲೆಕ್ಕದಲ್ಲಿ ಅದನ್ನು ಸೇರಿಸುವುದೇಕೆ, ಎಂದು. ವಿನೋದವೆಂಬುದನ್ನು ಒಪ್ಪಿದೆವು. ಆದರೆ ಸಂಖ್ಯೆಯನ್ನು ಪರದೆಯ ಮೇಲೆ ಬರೆದು ಲಾಭವೆಂದು ಹೆಸರಿಟ್ಟ ಮೇಲೆ ಅದು ಪ್ರತಿಜ್ಞಾವಾಕ್ಯವಾಯಿತು. ಹೇತುವನ್ನು ಕೇಳುವ ಹಕ್ಕು ಪ್ರೇಕ್ಷಕನಿಗೆ ಬಂದಿತು. ಅಲ್ಲದೆ ಆ ಹೇತುವು ಈ ಪ್ರದರ್ಶನದಲ್ಲಿ ಇಲ್ಲದೆಯೂ ಇರಲಿಲ್ಲ. ಚೈನಾ ಅವರ ಕಾರ್ಯಾಗಾರದ ಭಾಗವೇ ಹೇತು. ಈ ಗಾಡಿಗೆ ಇಷ್ಟು ಬೆಲೆ ಏಕೆ ಬಂದಿತೆಂಬುದಕ್ಕೆ ಉತ್ತರವು ಬ್ರೂವರ್ ಅವರ ಮಾತಿನಲ್ಲಿ ಅಲ್ಲ, ಆ ಕೈಗವಸುಗಳಲ್ಲಿ ಇದ್ದಿತು. ಯಂತ್ರವಿದ್ಯೆಯಲ್ಲಿ ಪಾಮರರಾದ ನಮಗೂ ಕ್ಲಚ್ಚು ಏನು, ಕಾರ್ಬುರೇಟರು ಏನು ಎಂಬುದು ಅಲ್ಲಿಯೇ ಮೊದಲು ತಿಳಿದುದು. ಒಳ್ಳೆಯ ವ್ಯಾಖ್ಯಾನಕಾರನಲ್ಲಿ ಇರತಕ್ಕ ಪದವಿಭಾಗಕೌಶಲವು ಈ ಮಹಾಶಯರಲ್ಲಿ ಇದ್ದಿತೆಂದು ನಿಸ್ಸಂಕೋಚವಾಗಿ ಹೇಳುವೆವು.

ಹೀಗಿರಲು 2017ರಲ್ಲಿ ಚೈನಾ ಅವರು ಪ್ರದರ್ಶನವನ್ನು ಬಿಟ್ಟರು. ಕಾರ್ಯಾಗಾರದ ಭಾಗವನ್ನು ಚಿತ್ರಿಸುವುದು ಬಹಳ ಕಷ್ಟವೆಂದು ಅಂದಿನ ನಿರ್ಮಾಪಕರು ಭಾವಿಸಿ ಅದನ್ನು ಕುಗ್ಗಿಸಲು ಬಯಸಿದರೆಂದೂ, ಅದಕ್ಕೆ ತಾವು ಒಪ್ಪದಾದರೆಂದೂ ಅವರೇ ಬಹಿರಂಗವಾಗಿ ತಿಳಿಸಿದರು. ಅವರ ಸ್ಥಾನಕ್ಕೆ ಆಂಟ್ ಆನ್‌ಸ್ಟೆಡ್ ಬಂದರು, ಅನಂತರ ಮಾರ್ಕ್ ಪ್ರೀಸ್ಟ್ಲಿ ಬಂದರು. ಇವರೂ ಕುಶಲಿಗಳೇ, ಇವರನ್ನು ಕುರಿತು ನಮಗೆ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಆ ಬಯಕೆಯ ವಿಷಯದಲ್ಲಿ. ಹೇತುವನ್ನು ಕತ್ತರಿಸಿ, ಪ್ರತಿಜ್ಞೆಯನ್ನೂ ನಿಗಮನವನ್ನೂ ಉಳಿಸಿಕೊಂಡರೆ ಅನುಮಾನವು ಹೇಗೆ ನಿಲ್ಲುವುದು?

ಇನ್ನು ಬೆಲೆ ಹೇಳುವವನ ವಿಷಯ. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ವಸ್ತುವನ್ನು ಸಾಕ್ಷಾತ್ತಾಗಿ ಅರಿತವನೂ, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಆಪ್ತನೆಂದು ವಾತ್ಸ್ಯಾಯನನ ಮತ. ಈ ಪ್ರದರ್ಶನಗಳಲ್ಲಿ ಮೊದಲನೆಯ ಅಂಶಕ್ಕೆ ಕೊರತೆಯಿಲ್ಲ. ‘ಚೇಸಿಂಗ್ ಕ್ಲಾಸಿಕ್ ಕಾರ್ಸ್’ನ ವೇನ್ ಕರೀನಿ ಅವರು ಜೀರ್ಣೋದ್ಧಾರದಲ್ಲಿ ನುರಿತವರೆಂಬುದು ಅವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬರುವುದರಲ್ಲಿಯೇ ತಿಳಿಯುವುದು. ಆದರೆ ಅವರು ವ್ಯಾಪಾರಿಗಳೂ ಹೌದು. ಬೆಲೆ ಹೇಳುವ ಬಾಯಿಯೂ ಹಣ ಎಣಿಸುವ ಕೈಯೂ ಒಬ್ಬನದೇ ಆದಾಗ ಎರಡನೆಯ ಅಂಶವು ಸಂಶಯಗ್ರಸ್ತವಾಗುವುದು. ಇದು ಪರದೆಗೆ ಮಾತ್ರ ಸೇರಿದ ದೋಷವಲ್ಲ. ಅಮೆರಿಕೆಯಲ್ಲಿ ಹಳೆಯ ಗಾಡಿಗಳ ಸ್ಥಿತಿಯನ್ನು 1ರಿಂದ 4ರವರೆಗೆ ವರ್ಗೀಕರಿಸಿ ಬೆಲೆಪಟ್ಟಿಯನ್ನು ಪ್ರಕಟಿಸುವ ಹ್ಯಾಗರ್ಟಿ ಸಂಸ್ಥೆಯು ಮೂಲತಃ ಅವುಗಳ ವಿಮೆಯ ವ್ಯಾಪಾರದ್ದು; 2022ರಲ್ಲಿ ಅದು ಹರಾಜಿನ ಕಂಪನಿಯೊಂದನ್ನೂ ಕೊಂಡಿತು. ಅದರ ಪಟ್ಟಿ ಸುಳ್ಳೆಂದು ನಾವು ಹೇಳುವುದಿಲ್ಲ. ಪರೀಕ್ಷಕನೂ ವಿಮೆಗಾರನೂ ಹರಾಜುಗಾರನೂ ಒಂದೇ ಸೂರಿನ ಕೆಳಗೆ ಇರುವರೆಂಬುದನ್ನು ಪಟ್ಟಿ ನೋಡುವವನು ತಿಳಿದಿರತಕ್ಕದ್ದು.

ಹರಾಜಿನ ಮಾತು ಬಂದುದರಿಂದ ಅದನ್ನೂ ಸ್ವಲ್ಪ ನೋಡೋಣ. ಅರಿಜೋನ ಪ್ರಾಂತದ ಸ್ಕಾಟ್ಸ್‌ಡೇಲಿನಲ್ಲಿ 1971ರಿಂದ ನಡೆದುಬಂದ ಬ್ಯಾರೆಟ್-ಜ್ಯಾಕ್ಸನ್ ಹರಾಜು ದೂರದರ್ಶನದಿಂದ ಲೋಕಪ್ರಸಿದ್ಧವಾಯಿತು. ದೀಪಗಳು, ಜನಜಂಗುಳಿ, ಕೂಗುವವನ ಅತಿವೇಗದ ಗದ್ಯ, ಇವುಗಳ ನಡುವೆ ಬೆಲೆಯು ಕಣ್ಣೆದುರಿಗೆ ಬೆಳೆಯುವುದು. 2013ರಲ್ಲಿ ಅಲ್ಲಿ ‘ಬ್ಯಾಟ್‌ಮೊಬೈಲ್’ ಎಂಬ ಗಾಡಿಗೆ ಸವಾಲು 42 ಲಕ್ಷ ಡಾಲರುಗಳವರೆಗೆ ಏರಿತು. ಈ ಗಾಡಿಯು ಮೂಲದಲ್ಲಿ 1955ರಲ್ಲಿ ಲಿಂಕನ್ ಕಂಪನಿಯವರು ಮಾದರಿಗಾಗಿ ಮಾಡಿಸಿದ ‘ಫ್ಯೂಚುರಾ’. ಅದನ್ನು ಜಾರ್ಜ್ ಬ್ಯಾರಿಸ್ ಎಂಬವರು 1 ಡಾಲರಿಗೆ ಪಡೆದರೆಂದು ಪ್ರತೀತಿ. 1966ರಲ್ಲಿ ಅದು ದೂರದರ್ಶನದ ಕಥೆಯೊಂದರಲ್ಲಿ ನಾಯಕನ ವಾಹನವಾಯಿತು. ಒಂದು ಡಾಲರಿನ ವಸ್ತುವನ್ನು ದೂರದರ್ಶನವೇ ಅಮೂಲ್ಯವನ್ನಾಗಿ ಮಾಡಿ, ಆ ಮೂಲ್ಯವನ್ನು ದೂರದರ್ಶನವೇ ಲೋಕಕ್ಕೆ ತೋರಿಸಿ ಬೆರಗುಪಡಿಸಿತು. ತಾರ್ಕಿಕರು ಇದನ್ನು ಏನೆಂದು ಕರೆಯುವರೆಂಬುದನ್ನು ಹೇಳಬೇಕಾಗಿಲ್ಲ.

ಸವಾಲಿನ ಸ್ಪರ್ಧೆಯಿಂದ ಹೆಚ್ಚಿದ ಬೆಲೆಯನ್ನು ಕೌಟಿಲ್ಯನು ವರ್ತಕನಿಗೆ ಬಿಟ್ಟುಕೊಡುವುದಿಲ್ಲ. ಸರಕನ್ನೂ ಬೆಲೆಯನ್ನೂ ಮೂರು ಸಲ ಸಾರಬೇಕು; ಕೊಳ್ಳುವವರಲ್ಲಿ ಸಂಘರ್ಷವುಂಟಾಗಿ ಬೆಲೆ ಏರಿದರೆ, ಏರಿದಷ್ಟೂ ಸುಂಕದೊಡನೆ ರಾಜಕೋಶಕ್ಕೆ ಸೇರಬೇಕು. ಕಾರಣ ಊಹ್ಯವಾಗಿದೆ: ಆ ಏರಿಕೆಯು ವಸ್ತುವಿನ ಗುಣದಿಂದ ಹುಟ್ಟಿದುದಲ್ಲ, ಎದುರಾಳಿಯ ಮೇಲಿನ ಛಲದಿಂದ ಹುಟ್ಟಿದುದು. ನಮ್ಮ ದನಗಳ ಜಾತ್ರೆಯಲ್ಲಿ ದಲ್ಲಾಳಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದುದನ್ನು ಗುಟ್ಟಿನ ವ್ಯವಹಾರವೆಂದು ಹಳಿಯುವವರುಂಟು. ಆದರೆ ಆ ಟವಲು ಛಲಕ್ಕೆ ಹಾಕಿದ ತೆರೆಯೂ ಆಗಿದ್ದಿತು. ಕೌತುಕವೇನೆಂದರೆ, ಮೋಟಾರುಗಳಲ್ಲಿ ಅತ್ಯಂತ ಹೆಚ್ಚಿನ ಬೆಲೆ ಬಂದುದೂ ಇಂತಹ ಮರೆಯಲ್ಲಿಯೇ. 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಉಲೆನ್‌ಹೌಟ್ ಕೂಪೆ ಎಂಬ, ಎರಡೇ ಎರಡು ನಿರ್ಮಿತವಾದ ಗಾಡಿಗಳಲ್ಲಿ ಒಂದು, 2022ರ ಮೇ ತಿಂಗಳಲ್ಲಿ ಷ್ಟುಟ್‌ಗಾರ್ಟಿನ ಮ್ಯೂಸಿಯಮ್ಮಿನಲ್ಲಿ 13.5 ಕೋಟಿ ಯೂರೋಗಳಿಗೆ ಮಾರಾಟವಾಯಿತು. ಕರೆಯಲ್ಪಟ್ಟವರ ಹೊರತು ಅಲ್ಲಿ ಯಾರಿಗೂ ಪ್ರವೇಶವಿರಲಿಲ್ಲ.

ಕಡೆಯದಾಗಿ, ದುರಸ್ತಿಯಿಂದ ಮೌಲ್ಯ ಹೆಚ್ಚುವುದೆಂಬ ಸಿದ್ಧಾಂತ. ಮೇಲ್ಕಂಡ ಪ್ರದರ್ಶನಗಳೆಲ್ಲವೂ ಇದನ್ನು ಸ್ವತಃಸಿದ್ಧವೆಂದು ಹಿಡಿದಿವೆ. ಆದರೆ 1968ರ ‘ಬುಲಿಟ್’ ಚಲಚ್ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ನಡೆಸಿದ ಮಸ್ಟಾಂಗ್ ಗಾಡಿಯು, ಬಣ್ಣ ಮಾಸಿ, ತುಕ್ಕು ಹಿಡಿದು, ಹೊಳಪು ಕೊಡಿಸಿಕೊಳ್ಳದ ಸ್ಥಿತಿಯಲ್ಲಿಯೇ 2020ರಲ್ಲಿ 34 ಲಕ್ಷ ಡಾಲರುಗಳ ಸವಾಲನ್ನು ಪಡೆಯಿತು. ಅದಕ್ಕೆ ಹೊಸ ಬಣ್ಣ ಬಳಿದಿದ್ದರೆ ಬೆಲೆ ಕುಸಿಯುತ್ತಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ಮೌಲ್ಯವು ಇರುವುದು ಅವಯವಗಳಲ್ಲಿಯೋ, ಅವುಗಳ ಮೇಲೆ ಕುಳಿತ ಕಾಲದಲ್ಲಿಯೋ?

ಇದು ಹಳೆಯ ಪ್ರಶ್ನೆ. ಮಿಲಿಂದರಾಜನು ನಾಗಸೇನ ಭಿಕ್ಷುವಿನ ಬಳಿಗೆ ರಥದಲ್ಲಿ ಬಂದಾಗ, ಚಕ್ರವು ರಥವೇ, ಅಚ್ಚು ರಥವೇ, ನೊಗವು ರಥವೇ ಎಂದು ಆ ಭಿಕ್ಷುವು ರಾಜನನ್ನೇ ಕೇಳಿದ ಕಥೆಯನ್ನು ವಾಚಕರು ಬಲ್ಲರು. 1990ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಈ ಪ್ರಶ್ನೆಯೇ ವ್ಯಾಜ್ಯವಾಗಿ ಬಂದಿತು. 1929, 1930ರ ಲ ಮಾನ್ ಪಂದ್ಯಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಗಾಡಿಯನ್ನು 1 ಕೋಟಿ ಪೌಂಡುಗಳಿಗೆ ಕೊಳ್ಳಲು ಒಪ್ಪಿದವರು, ಇದು ಆ ಗಾಡಿಯೇ ಅಲ್ಲ, ಅದರ ಭಾಗಗಳೆಲ್ಲ ಬದಲಾಗಿ ಹೋಗಿವೆ, ಎಂದು ಹಿಂದೆಗೆದರು. ನೈಯಾಯಿಕರ ಮತದಂತೆ ವಸ್ತ್ರದಿಂದ ಒಂದು ನೂಲು ಹೋದರೂ ಹಿಂದಿನ ಪಟವು ನಾಶವಾಗಿ ಖಂಡಪಟವೆಂಬ ಬೇರೆ ಅವಯವಿಯೇ ಹುಟ್ಟುವುದು. ಅದನ್ನು ಹಿಡಿದರೆ ಕೊಳ್ಳುವವರಿಗೇ ಜಯ. ನ್ಯಾಯಮೂರ್ತಿ ಆಟನ್ ಅವರು ಹಾಗೆ ಮಾಡಲಿಲ್ಲ. ಭಾಗಗಳು ಬಹುಮಟ್ಟಿಗೆ ಬದಲಾಗಿರುವುದು ನಿಜ, ಆದುದರಿಂದ ಮೂಲದ ಗಾಡಿಯೆನ್ನಲಾಗದು. ಆದರೆ ಎಡೆಬಿಡದ ಚರಿತ್ರೆಯೊಂದು ಅದಕ್ಕಿದೆ, ಆ ಹೆಸರಿಗೆ ಅರ್ಹವಾದ ಬೇರೊಂದು ಗಾಡಿಯೂ ಇಲ್ಲ, ಆದುದರಿಂದ ಇದೇ ಓಲ್ಡ್ ನಂಬರ್ ಒನ್ ಎಂದು ತೀರ್ಪಿತ್ತರು. ಆ ಮಹನೀಯರು ಅರಿಯದೆಯೇ ಬೌದ್ಧರ ಸಂತಾನವಾದಕ್ಕೆ ಒಂದು ಕೋಟಿ ಪೌಂಡುಗಳ ಬೆಲೆಯನ್ನು ಕಟ್ಟಿದರೆಂದು ನಮಗೆ ತೋರುವುದು.

ಈ ತೀರ್ಪು ನಿಂತುದು ಕಾಗದಪತ್ರಗಳ ಮೇಲೆ, ಸಾಕ್ಷಿಗಳ ಮೇಲೆ; ಯಾವ ಭಾಗವು ಯಾವಾಗ ತೆಗೆಯಲ್ಪಟ್ಟಿತು, ಅದರ ಸ್ಥಾನದಲ್ಲಿ ಏನು ಬಂದಿತು ಎಂಬ ವಿವರದ ಮೇಲೆ. ‘ವೀಲರ್ ಡೀಲರ್ಸ್’ನಲ್ಲಿ ಮಾರಾಟವಾದ ಗಾಡಿಗಳಲ್ಲಿ ಒಂದು ಐವತ್ತು ವರ್ಷಗಳ ಮೇಲೆ ಮತ್ತೊಬ್ಬ ಪರೀಕ್ಷಕನ ಮುಂದೆ ಬಂದು ನಿಂತರೆ ಅವನು ಬ್ರೂವರ್ ಅವರ ಚೌಕಾಸಿಯನ್ನಾಗಲಿ, ಪರದೆಯ ಮೇಲಿನ ಲಾಭದ ಸಂಖ್ಯೆಯನ್ನಾಗಲಿ ಕೇಳಲಾರನು. ಯಾವ ತಗಡನ್ನು ಕತ್ತರಿಸಿದರು, ಯಾವ ಯಂತ್ರವನ್ನು ಬಿಚ್ಚಿದರು, ಯಾವುದನ್ನು ಹಾಗೆಯೇ ಉಳಿಸಿದರು ಎಂದು ಕೇಳುವನು. ಅದಕ್ಕೆ ಉತ್ತರವು ಚಿತ್ರಿಸಲು ಕಷ್ಟವೆನಿಸಿದ ಆ ಭಾಗದಲ್ಲಿ ಇದೆ.