ಎಸೆಯಲಾಗದ ಕಾಗದಗಳು

ಕಡಿಮೆ ವಸ್ತುಗಳಲ್ಲಿ ಬದುಕುವುದನ್ನು ಕಲಿಸುವ ಪುಸ್ತಕಗಳಲ್ಲಿ ಜಪಾನಿನ ಮೇರಿ ಕೊಂಡೊ ಬರೆದ 'ದ ಲೈಫ್ ಚೇಂಜಿಂಗ್ ಮ್ಯಾಜಿಕ್ ಆಫ್ ಟೈಡಿಯಿಂಗ್ ಅಪ್' ಬಹಳ ಹೆಸರು ಮಾಡಿತು. 2014ರಲ್ಲಿ ಇಂಗ್ಲಿಷಿಗೆ ಬಂತು. 2019ರ ಜನವರಿಯಲ್ಲಿ ಲೇಖಕಿಯ ನೆಟ್‌ಫ್ಲಿಕ್ಸ್ ಕಾರ್ಯಕ್ರಮವೂ ಶುರುವಾಯಿತು. ವಿಧಾನ ಸರಳ. ಮನೆಯ ಬಟ್ಟೆಗಳನ್ನೆಲ್ಲ ಒಂದೆಡೆ ರಾಶಿ ಹಾಕಿ ಒಂದೊಂದನ್ನೇ ಕೈಗೆತ್ತಿಕೊಳ್ಳಬೇಕು. ಖುಷಿ ಕೊಟ್ಟರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಕೃತಜ್ಞತೆ ಹೇಳಿ ಕಳಿಸಿಬಿಡುವುದು. ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತುಗಳು.

ಆ ಕೃತಜ್ಞತೆಯ ಮಾತು ನನಗೆ ಹಿಡಿಸಿತು. ಶಿಂಟೋ ದೇಗುಲದಲ್ಲಿ ಐದು ವರ್ಷ ಸೇವೆ ಮಾಡಿದ ಈಕೆ ವಸ್ತುವನ್ನು ಗೌರವದಿಂದ ಕಾಣುತ್ತಾರೆ. ಒಂದೊಂದು ಮದುವೆಗೂ ಒಂದೊಂದು ಹೊಸ ಸೀರೆ ಬೇಕೆನ್ನುವ ನಮ್ಮ ಮನೆಗಳಿಗೆ ಇದು ನಾಟಬೇಕಾದ ಮಾತು.

ಆದರೆ ಪುಸ್ತಕ ಕೇಳುವುದು ನನ್ನ ಖುಷಿಯನ್ನಷ್ಟೇ. ಹೊರಗೆ ಹೋದದ್ದು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಶ್ರೀಮಂತ ದೇಶಗಳ ಹಳೆ ಬಟ್ಟೆ ಮೂಟೆ ಮೂಟೆಯಾಗಿ ಘಾನಾದ ಅಕ್ರಾ ನಗರದ ಕಾಂಟಮಾಂಟೊ ಮಾರುಕಟ್ಟೆಯಲ್ಲಿ ಬೀಳುತ್ತದೆ. ನಮ್ಮ ಪಾಣಿಪತ್ತಿಗೂ ಬರುತ್ತದೆ. ಅಲ್ಲಿ ಹಳೆ ಉಣ್ಣೆಯನ್ನು ಹರಿದು, ನೂತು ಅಗ್ಗದ ಕಂಬಳಿ ನೇಯುತ್ತಾರೆ. ಇತ್ತ 2019ರ ನವೆಂಬರಿನಲ್ಲಿ ಕೊಂಡೊ ಅವರೇ ಆನ್‌ಲೈನ್ ಅಂಗಡಿ ತೆರೆದರು. ಖಾಲಿಯಾದ ಕಪಾಟು ತುಂಬಬೇಕಲ್ಲ!

ನನಗೆ ನಿಜಕ್ಕೂ ತಡೆದದ್ದು ಕಾಗದಪತ್ರದ ಅಧ್ಯಾಯ. ಎಲ್ಲವನ್ನೂ ಎಸೆಯಬೇಕೆಂಬುದು ಅಲ್ಲಿನ ನಿಯಮ. ಈಗ ಬಳಕೆಯಲ್ಲಿರುವುದು, ಕೆಲಕಾಲಕ್ಕೆ ಬೇಕಾದದ್ದು, ಸದಾ ಇರಬೇಕಾದದ್ದು, ಈ ಮೂರಕ್ಕೆ ಮಾತ್ರ ವಿನಾಯಿತಿ. ಸದಾ ಇರಬೇಕಾದದ್ದು ಯಾವುದೆಂದು ಮನೆಯವರೇ ತೀರ್ಮಾನಿಸಬಹುದಾದ ದೇಶದಲ್ಲಿ ಈ ನಿಯಮ ಸರಿ. ಅಸ್ಸಾಮಿನಲ್ಲಿ ಪೌರತ್ವ ನೋಂದಣಿಗೆ 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲಿನ ದಾಖಲೆ ಕೇಳಿದರು. ಅಜ್ಜನ ಹೆಸರಿರುವ ಮತದಾರರ ಪಟ್ಟಿ, ಜಮೀನಿನ ಕಾಗದ, ಏನಾದರೂ ಸರಿ. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಐವತ್ತು ವರ್ಷ ಗೆದ್ದಲಿಗೆ ಹೆದರುತ್ತಾ ಮೂಲೆಯಲ್ಲಿದ್ದ ಹಳದಿ ಕಾಗದ ಯಾರಿಗೆ ಯಾವ ಖುಷಿ ಕೊಟ್ಟೀತು?

ಅದೇ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ಉಮ್ಮ ಮಂಚದಡಿಯ ತಗಡಿನ ಪೆಟ್ಟಿಗೆ ಎಳೆದು ತೆಗೆದರು. ಬಾಪನ ಶಾಲೆಯ ಟಿ.ಸಿ., ಹಳೆಯ ರೇಷನ್ ಕಾರ್ಡು, ತೆರಿಗೆ ಕಟ್ಟಿದ ರಶೀದಿ. ಬಾಪನ ಹೆಸರು ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಹಿಂದಿನ ವರ್ಷ ಇದನ್ನೆಲ್ಲ ಗುಜರಿಯವನಿಗೆ ಕೊಡೋಣ ಎಂದವನು ನಾನೇ. ಉಮ್ಮ ಅದನ್ನು ನೆನಪಿಸಲಿಲ್ಲ. ಒಂದೊಂದನ್ನೇ ಒರೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿದರು.

ಮೂರು ಮಕ್ಕಳಾದ ಮೇಲೆ ಅಚ್ಚುಕಟ್ಟನ್ನು ಒಂದು ರೀತಿಯಲ್ಲಿ ಕೈಬಿಟ್ಟೆ ಎಂದು 2023ರಲ್ಲಿ ಕೊಂಡೊ ಹೇಳಿದರು. ಆ ಪ್ರಾಮಾಣಿಕತೆ ಇಷ್ಟವಾಗಿ ಮತ್ತೆ ಪುಸ್ತಕ ತೆರೆದೆ, ಅಡುಗೆಮನೆಯಲ್ಲಿ ಪ್ರಯೋಗಿಸಿದೆ. ಮುಚ್ಚಳವಿಲ್ಲದ ಹದಿನೇಳು ಡಬ್ಬಗಳು ಹೋದವು. ಪೆಟ್ಟಿಗೆಯ ತಂಟೆಗೆ ಹೋಗಲಿಲ್ಲ.