ಅಣ್ಣನ ಅರ್ಜಿ, ತಂಗಿಯ ವಯಸ್ಸು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಹೋಗಿ ಅಮೆರಿಕದ ಪೌರನಾದ ಮಗನಿಗೆ ಊರಿನಿಂದ ಬರುವ ಕೋರಿಕೆ ಒಂದೇ: "ತಂಗಿಗೂ ಒಂದು ಅರ್ಜಿ ಹಾಕಿಬಿಡಪ್ಪ." ಹೆತ್ತವರ ಈ ಆಸೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಆ ಅರ್ಜಿ ಸಾಗುವ ದಾರಿಯಲ್ಲಿ.

1965ರ ಅಮೆರಿಕದ ವಲಸೆ ಕಾಯ್ದೆ ಹುಟ್ಟಿದ ದೇಶ ನೋಡಿ ಅಳೆಯುವ ಹಳೆಯ ಕೋಟಾ ಕಿತ್ತುಹಾಕಿ ರಕ್ತಸಂಬಂಧಕ್ಕೆ ಮನ್ನಣೆ ಕೊಟ್ಟಿತು. ಆ ಭಾಗ ಇಂದಿಗೂ ಮೆಚ್ಚಬೇಕಾದದ್ದೇ. ಪೌರರ ತಂದೆ-ತಾಯಿಗೆ, ಗಂಡ-ಹೆಂಡತಿಗೆ, 21 ತುಂಬದ ಮದುವೆಯಾಗದ ಮಕ್ಕಳಿಗೆ ಸಂಖ್ಯೆಯ ಮಿತಿಯಿಲ್ಲ. ಒಡಹುಟ್ಟಿದವರಿಗೆ ಮಾತ್ರ ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 65,000 ವೀಸಾ. ಅದರ ಮೇಲೆ ದೇಶವಾರು ಮಿತಿ ಬೇರೆ. 2025ರ ಆರಂಭದಲ್ಲಿ ಭಾರತೀಯರ ಸರದಿ ತಲುಪಿದ್ದು 2006ರಲ್ಲಿ ಹಾಕಿದ ಅರ್ಜಿಗಳಿಗೆ.

ಅಂದರೆ 30ರ ತಂಗಿಗೆ ಕರೆ ಬರುವಾಗ 50ರ ಹತ್ತಿರ. ಅರ್ಜಿ ಹಾಕುವಾಗ ಮಗಳು 5 ವರ್ಷದವಳಾಗಿದ್ದರೆ ಕರೆ ಬರುವಾಗ 24. ಅಮ್ಮನ ಜೊತೆ ಹೋಗುವ ಅರ್ಹತೆಯ ವಯಸ್ಸು ದಾಟಿರುತ್ತದೆ. 2002ರ ಕಾಯ್ದೆ ಅರ್ಜಿ ಮಂಜೂರಾಗಲು ಹಿಡಿದ ಕಾಲವನ್ನಷ್ಟೇ ವಯಸ್ಸಿನಿಂದ ಕಳೆಯುತ್ತದೆ, ಸರದಿಯಲ್ಲಿ ಕಾದ ವರ್ಷಗಳನ್ನಲ್ಲ. ಇಂಥ ಮಕ್ಕಳಿಗೆ ಹೆತ್ತವರ ಹಳೆಯ ಸರದಿ ಕೊಡಲು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಅಣ್ಣ-ತಂಗಿಯನ್ನು ಕೂಡಿಸಲು ತಾಯಿ-ಮಗಳನ್ನು ಅಗಲಿಸುವ ಈ ವ್ಯವಸ್ಥೆ ಕ್ರೂರವಾದದ್ದು.

ಕಾಗದಪತ್ರದ ಪಾಡೂ ಸಣ್ಣದಲ್ಲ. ಅಣ್ಣ-ತಂಗಿ ಇಬ್ಬರೂ ಒಂದೇ ತಂದೆಯ ಅಥವಾ ತಾಯಿಯ ಮಕ್ಕಳೆಂದು ತೋರಿಸಬೇಕು. ನಮ್ಮಲ್ಲಿ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಆಮೇಲೂ ಹಳ್ಳಿಮನೆಯ ಎಷ್ಟೋ ಹೆರಿಗೆಗಳು ದಾಖಲಾಗಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಒಂದು, ಮದುವೆಯ ನಂತರದ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಅಜ್ಜಂಪುರ ಈಗ ಸ್ವತಂತ್ರ ತಾಲ್ಲೂಕು, ಹಳೆಯ ಕಾಗದಗಳಲ್ಲಿ ಅದು ತರೀಕೆರೆ ತಾಲ್ಲೂಕು.

ತಂಗಿಗೆ ಹೋಲಿಸಿದರೆ ಹೆತ್ತವರ ಗ್ರೀನ್ ಕಾರ್ಡ್ ಬೇಗ ಸಿಗುತ್ತದೆ ನಿಜ. ಆದರೆ ಅದು ಅಲ್ಲೇ ನೆಲೆಸುವವರಿಗೆ. ಅಡಿಕೆ ಕೊಯ್ಲಿಗೆ, ತೆಂಗಿನ ತೋಟಕ್ಕೆ ಊರಲ್ಲೇ ಇರಬೇಕಾದವರು ವರ್ಷಗಟ್ಟಲೆ ಹೊರಗುಳಿದರೆ ಕಾರ್ಡೇ ಕೈತಪ್ಪಬಹುದು. 65 ದಾಟಿ ಹೋದವರಿಗೆ ಸರ್ಕಾರಿ ಮೆಡಿಕೇರ್ ವಿಮೆ ಕೊಳ್ಳಲೂ 5 ವರ್ಷದ ವಾಸ ಬೇಕು; ಅಲ್ಲಿಯವರೆಗೆ ಆಸ್ಪತ್ರೆ ಖರ್ಚು ಮಗನ ತಲೆಗೆ. ತೋಟ ಬಿಡದ ಅಪ್ಪ-ಅಮ್ಮನಿಗೆ ಪ್ರವಾಸಿ ವೀಸಾವೇ ಮೇಲು.

ಒಡಹುಟ್ಟಿದವರ ವಿಷಯದಲ್ಲಿ ಆಗಬೇಕಾದ ತಿದ್ದುಪಡಿ ಸ್ಪಷ್ಟವಾಗಿದೆ: ಮಕ್ಕಳ ವಯಸ್ಸನ್ನು ಅರ್ಜಿ ಹಾಕಿದ ದಿನಕ್ಕೇ ನಿಲ್ಲಿಸಬೇಕು. ಎಣಿಕೆಯ ಕ್ರಮವೂ ಬದಲಾಗಬೇಕು. ಈಗ ತಂಗಿ, ಆಕೆಯ ಗಂಡ, ಇಬ್ಬರು ಮಕ್ಕಳು ಹೊರಟರೆ 65,000ದಲ್ಲಿ ನಾಲ್ಕು ವೀಸಾ ಖರ್ಚಾಗುತ್ತದೆ. ಇಡೀ ಕುಟುಂಬವನ್ನು ಒಂದೇ ಎಂದು ಎಣಿಸಿದರೆ ಸರದಿ ಎಷ್ಟೋ ಬೇಗ ಕರಗುತ್ತದೆ.