ಅತೃಪ್ತರು ಯಾರು? : ‘ಅನೊಹಾನಾ’ದಲ್ಲಿ ಪ್ರೇತ, ಗೆಳೆತನ ಮತ್ತು ಶೋಕದ ಹಕ್ಕು

ಆಸೆ ತೀರದೆ ಅಕಾಲದಲ್ಲಿ ಮಡಿದವರು ಮರಳಿ ಬರುತ್ತಾರೆಂಬ ನಂಬಿಕೆ ಅನೇಕ ಜನಸಮುದಾಯಗಳಲ್ಲಿದೆ. ಮದುವೆಗೆ ಮುನ್ನವೇ ತೀರಿಕೊಂಡ ಮಕ್ಕಳಿಗಾಗಿ ತುಳುನಾಡಿನಲ್ಲಿ ನಡೆಸುವ ಕುಲೆ ಮದಿಮೆ ಇದಕ್ಕೊಂದು ನಿದರ್ಶನ. ಅಲ್ಲಿ ಜೋಡಿ ಹುಡುಕುವವರೂ ಶಾಸ್ತ್ರ ನೆರವೇರಿಸುವವರೂ ಮನೆಯವರೇ. ಹಾಗಾದರೆ ಸತ್ತವರ ಗೆಳೆಯರ ಶೋಕಕ್ಕೆ ಯಾವ ವಿಧಿಯಿದೆ? 2011ರಲ್ಲಿ ಪ್ರಸಾರವಾದ ಜಪಾನಿನ ಹನ್ನೊಂದು ಕಂತುಗಳ ಆನಿಮೇಷನ್ ಧಾರಾವಾಹಿ ‘ಅನೊಹಾನಾ’ ಎತ್ತುವುದು ಈ ಪ್ರಶ್ನೆಯನ್ನೇ.

ತತ್ಸುಯುಕಿ ನಾಗಾಯಿ ನಿರ್ದೇಶಿಸಿ ಮಾರಿ ಒಕಾಡ ಬರೆದ ಈ ಕೃತಿಯ ಕಥೆ ನಡೆಯುವುದು ಸೈತಾಮ ಪ್ರಾಂತದ ಚಿಚಿಬು ಪಟ್ಟಣದಲ್ಲಿ. ಆರು ಮಂದಿ ಬಾಲ್ಯದ ಗೆಳೆಯರಲ್ಲಿ ಮೆನ್ಮಾ ಎಂಬ ಹುಡುಗಿ ಅವಘಡದಲ್ಲಿ ತೀರಿಕೊಂಡ ಮೇಲೆ ಉಳಿದವರು ದೂರವಾಗುತ್ತಾರೆ. ವರ್ಷಗಳ ನಂತರ, ಶಾಲೆಗೆ ಹೋಗುವುದನ್ನೇ ಬಿಟ್ಟ ಜಿಂತಾನ ಮುಂದೆ ಅವಳು ಪ್ರತ್ಯಕ್ಷಳಾಗುತ್ತಾಳೆ. ತನ್ನ ಆಸೆ ಈಡೇರಿಸಬೇಕೆನ್ನುತ್ತಾಳೆ, ಆದರೆ ಆ ಆಸೆ ಯಾವುದೆಂಬುದು ಅವಳಿಗೇ ನೆನಪಿಲ್ಲ. ಜಪಾನಿನ ಚಿತ್ರಪರಂಪರೆಯಲ್ಲಿ ಪ್ರೇತಕ್ಕೆ ಪಾದಗಳಿರುವುದಿಲ್ಲ. ಮೆನ್ಮಾಳಾದರೋ ಓಡುತ್ತಾಳೆ, ಅಡುಗೆ ಮಾಡುತ್ತಾಳೆ, ಉಣ್ಣುತ್ತಾಳೆ. ಇಲ್ಲಿ ಪ್ರೇತವು ಭಯದ ವಸ್ತುವಲ್ಲ, ಮನೆಗೆ ಮರಳಿದ ಮಗು.

ಮೆನ್ಮಾಳ ದಿನಚರಿಯ ಸುಳಿವು ಹಿಡಿದು ಗೆಳೆಯರು ಅವಳಿಗಾಗಿ ಬಾಣದ ರಾಕೆಟ್ ಹಾರಿಸಲು ನಿರ್ಧರಿಸುತ್ತಾರೆ. ಚಿಚಿಬುವಿನ ಯೋಶಿದದಲ್ಲಿ ಪ್ರತಿ ಅಕ್ಟೋಬರಿನಲ್ಲಿ ಮುಕು ದೇಗುಲದ ಹಬ್ಬಕ್ಕೆ ಊರವರೇ ಕೈಯಿಂದ ತಯಾರಿಸಿ ಹಾರಿಸುವ ‘ರ್ಯೂಸೆಯಿ’ ಎಂಬ ರಾಕೆಟ್ಟಿನ ಸಂಪ್ರದಾಯ ಇದಕ್ಕೆ ಆಧಾರ. ತಮಗೆಂದೇ ವಿಧಿಯಿಲ್ಲದ ಗೆಳೆಯರು ಊರಿನ ವಿಧಿಯನ್ನು ಎರವಲು ಪಡೆಯುತ್ತಾರೆ.

ರಾಕೆಟ್ ಹಾರುತ್ತದೆ; ಮೆನ್ಮಾ ಮರೆಯಾಗುವುದಿಲ್ಲ. ಕೃತಿಯ ಮಹತ್ವವಿರುವುದು ಈ ವೈಫಲ್ಯದಲ್ಲಿ. ಆ ಬಳಿಕ ಗೆಳೆಯರು ತಮ್ಮ ತಮ್ಮ ಸ್ವಾರ್ಥವನ್ನು ಒಪ್ಪಿಕೊಳ್ಳುತ್ತಾರೆ: ಒಬ್ಬರದು ಅಸೂಯೆ, ಇನ್ನೊಬ್ಬರದು ಅಪರಾಧಪ್ರಜ್ಞೆ, ಮತ್ತೊಬ್ಬರದು ಅವಳು ಬೇಗ ಹೋಗಲೆಂಬ ಬಯಕೆ. ಮೆನ್ಮಾಳ ನಿಜವಾದ ಆಸೆಯಾದರೋ ಮರಣಶಯ್ಯೆಯಲ್ಲಿದ್ದ ಜಿಂತಾನ ತಾಯಿಗೆ ಅವಳು ಕೊಟ್ಟ ಮಾತು: ದುಃಖವನ್ನು ಬಚ್ಚಿಟ್ಟುಕೊಳ್ಳುವ ಅವಳ ಮಗನನ್ನು ಅಳಿಸುವುದು. ಅಂದರೆ ಅತೃಪ್ತರು ಸತ್ತವಳಲ್ಲ, ಬದುಕಿರುವವರು. ಜಾನಪದ ನಂಬಿಕೆಯ ಸೂತ್ರವನ್ನು ಕೃತಿ ಇಲ್ಲಿ ತಲೆಕೆಳಗು ಮಾಡುತ್ತದೆ. ಕಣ್ಣಾಮುಚ್ಚಾಲೆಯಲ್ಲಿ ಅಡಗಿದವಳನ್ನು ‘ಕಂಡೆ’ ಎಂದು ಕೂಗುವುದೇ ಕೊನೆಯ ಬೀಳ್ಕೊಡುಗೆಯಾಗುತ್ತದೆ; ಮಕ್ಕಳ ಆಟವೇ ಗೆಳೆತನದ ಉತ್ತರಕ್ರಿಯೆಯಾಗಿ ಪರಿಣಮಿಸುತ್ತದೆ.

ಆದರೆ ಈ ಪರಿಹಾರಕ್ಕೊಂದು ಬೆಲೆಯಿದೆ. ಮನೆಯ ಪೂಜಾಪೀಠದಲ್ಲಿ ಮಗಳ ನೆನಪನ್ನು ಕಾಯುವ ಮೆನ್ಮಾಳ ತಾಯಿ, ಇವರೆಲ್ಲ ಬೆಳೆದಿರುವಾಗ ತನ್ನ ಮಗಳೊಬ್ಬಳೇ ಏಕೆ ಹಿಂದುಳಿದಳೆಂದು ಗೆಳೆಯರ ಮೇಲೆ ಸಿಡಿಯುತ್ತಾಳೆ. ಇಡೀ ಧಾರಾವಾಹಿಯಲ್ಲಿ ಇದಕ್ಕಿಂತ ಸತ್ಯವಾದ ಕೋಪವಿಲ್ಲ. ಆದರೂ ಕೊನೆಯ ಬೆಳಗಿನಲ್ಲಿ ಮೆನ್ಮಾ ಕಾಣಿಸಿಕೊಳ್ಳುವುದು ಐವರು ಗೆಳೆಯರಿಗೆ ಮಾತ್ರ, ಪತ್ರಗಳೂ ಅವರಿಗೇ. ಕುಲೆ ಮದಿಮೆಯಲ್ಲಿ ಕುಟುಂಬವೇ ಕೇಂದ್ರವಾದರೆ, ಇಲ್ಲಿ ಗೆಳೆತನಕ್ಕೆ ಶೋಕದ ಹಕ್ಕು ದೊರೆಯುವಾಗ ಹೆತ್ತವಳು ಆ ವೃತ್ತದ ಹೊರಗುಳಿಯುತ್ತಾಳೆ.

ಹದಿಹರೆಯದವರ ದುಃಖವನ್ನು ಗಂಭೀರವಾಗಿ ಪರಿಗಣಿಸಿದ್ದು ‘ಅನೊಹಾನಾ’ದ ಸಾಧನೆ. ತಾಯಿಯ ಪ್ರಶ್ನೆಗೆ ಉತ್ತರಿಸದೆ ಬಿಟ್ಟದ್ದು ಅದರ ಮಿತಿ. ಆಚರಣೆ ಯಾರದಾದರೂ ಆಗಲಿ, ಅದರಿಂದ ಸಾಂತ್ವನ ದೊರೆತದ್ದು ಯಾರಿಗೆ, ದೊರೆಯದೆ ಹೋದದ್ದು ಯಾರಿಗೆ ಎಂಬುದನ್ನು ಕೇಳುವುದು ಜಾನಪದ ಅಧ್ಯಯನದ ಹೊಣೆ.